ಗಂಜಿ ಮುಟ್ಟದ ಪರದೆ

ಜುಲೈ ೧೫, ಮಂಗಳವಾರ, ಇಳಕಲ್

ರೈಲಿನ ಕಿಟಕಿಗೆಂದು ನಾವು ನೇಯ್ದ ಪರದೆ ಬಟ್ಟೆ ಮನೆಯಲ್ಲೇ ಇಟ್ಟುಕೊಂಡ ಬೆಂಕಿ ಪರೀಕ್ಷೆಯ ಪೆಟ್ಟಿಗೆಯಲ್ಲಿ ಭಗ್ಗನೆ ಹೊತ್ತಿಕೊಳ್ಳುವುದು ವಾರದಿಂದ ತಲೆ ಕೊರೆಯುತ್ತಿತ್ತು. ಬೆಂಕಿ ತಡೆಯುವ ಔಷಧಿ ಹಾಕಿದ ಬಟ್ಟೆ, ಜ್ವಾಲೆ ಸರಿಸಿದ ಕೂಡಲೇ ಆರಬೇಕು. ಪೆಟ್ಟಿಗೆಯನ್ನೇ ಬೈದೆ, ಬರ್ನರ್ ಬಿಚ್ಚಿ ತೊಳೆದೆ. ಪರೀಕ್ಷೆಗೆಂದು ಕತ್ತರಿಸಿಟ್ಟ ತುಂಡುಗಳು ಗರಿಗರಿ ಎನ್ನುವುದು ಔಷಧಿಯಿಂದ ಅಂದುಕೊಂಡಿದ್ದೆ.

ಇವತ್ತು ಹಿತ್ತಲಿಗೆ ಹೋದರೆ ಅತ್ತೆ ಚಂದವ್ವ ಅವೇ ತುಂಡುಗಳಿಗೆ, ಸೀರೆಗೆ ಹಾಕುವ ಹಾಗೆ, ಗಂಜಿ ಹಾಕಿ ಒಣಗಿಸುತ್ತಿದ್ದಾರೆ!

"ಅತ್ತಿ, ಸುಡಾಕ ಒಯ್ಯೂ ಅರಿವಿಗೆ ಗಂಜಿ ಯಾಕ್ರಿ?"

"ಪರೀಕ್ಷಾಕ್ಕ ಹೊಂಟದ್ದಲ್ಲೇನ? ಮುದುಡಿಕೊಂಡು ಹೋದ್ರ ನೇಕಾರ ಮನಿ ಮರ್ಯಾದಿ ಏನ ಉಳೀತು?"

ಹೊತ್ತಿಕೊಳ್ಳುತ್ತಿದ್ದುದು ಒಣಗಿದ ಗಂಜಿ! ಸಿಟ್ಟು ಬರಬೇಕಿತ್ತು, ನಗು ಬಂತು. ಗಂಜಿ ಮುಟ್ಟದ ತುಂಡೊಂದನ್ನು ಮಧ್ಯಾಹ್ನ ಅವರ ಎದುರಿಗೇ ಸುಟ್ಟೆ. ಅಂಚು ಕರ್ರಗಾಗಿ ಬೆಂಕಿ ತಾನೇ ಆರಿತು. ಆಹಾ, ಆ ಕರಿ ಅಂಚು ಎಷ್ಟು ಚೆಂದ ಕಂಡಿತು! ಅತ್ತೆ ಬಗ್ಗಿ ನೋಡಿದರು.

"ಪಾಸ್ ಆತಲ್ಲ. ಇನ್ನರ ಹಾಕ್ಲೇನವಾ ಗಂಜಿ?"

ನಾಳೆ ಕೊನೆಯ ಪರೀಕ್ಷೆಗೆ ಲ್ಯಾಬಿಗೆ ಹೋಗುವ, ಗಂಜಿ ಮುಟ್ಟದ ತುಂಡುಗಳನ್ನು ಅತ್ತೆಯ ಕೈಗೆ ಸಿಗದಂತೆ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೇನೆ. ಮುದುಡಿದರೆ ಮುದುಡಲಿ.