ಹಲ್ಲು ಅಳೆಯುವ ಮಿಷನ್ನು

ಕೊಳ್ಳೇಗಾಲ
೧೧-೨-೧೯೭೩

ಚಿ. ಸೌ. ಶಿವರತ್ನಳಿಗೆ,

ಮಾದಪ್ಪ ನಿನ್ನನ್ನೂ ಮಗುವನ್ನೂ ತಂಪಾಗಿಟ್ಟಿರಲಿ. ನನ್ನ ಮೈಗೇನೂ ತೊಂದರೆಯಿಲ್ಲ. ಹೆಣ್ಣು ಕೂಸು ಹುಟ್ಟಿದೆಯೆಂದು ನೀನು ಬರೆದ ಕಾಗದ ಸಂಕ್ರಾಂತಿ ಹೊತ್ತಿಗೇ ಬಂತು. ಉತ್ತರ ಈಗ ಬರೆಯುತ್ತಿದ್ದೇನೆ. ನೀನು ಬಾಗಿಲ ಕಡೆ ನೋಡಿಕೊಂಡು ಕೂತಿರುತ್ತೀಯೆಂದು ಗೊತ್ತಿದ್ದೂ ತಡ ಮಾಡಿದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಇದನ್ನು ನೀನೇ ಓದಿಕೋ. ಮಾವನವರ ಕೈಗೆ ಕೊಟ್ಟು ಜಗಲಿಯ ಮೇಲೆ ಓದಿಸಬೇಡ.

ಹನೂರಿನ ಬಸ್ಸು ಹತ್ತಿ ಬಂಡಳ್ಳಿಗೆ ಬರುವುದು ದೊಡ್ಡ ಮಾತಲ್ಲ. ಮರದ ಮಿಲ್ಲಿನಲ್ಲಿ ಕೆಲಸ ಹೆಚ್ಚು, ರಜ ಸಿಗಲಿಲ್ಲ ಎಂದು ಬರೆದುಬಿಡಬಹುದಿತ್ತು. ಅದು ಅರ್ಧ ನಿಜ. ನಾನು ಹೊರಡಬೇಕೆಂದು ಶರಟು ಒಗೆದು ಹಾಕಿದ್ದೆ. ಅಷ್ಟರಲ್ಲಿ ನಿನ್ನ ತಮ್ಮ ಕೆಂಪನಂಜಪ್ಪ ಕೊಯಮತ್ತೂರಿನಿಂದ ಬಂದವನು ಇಲ್ಲಿ ಇಳಿಯದೆ ನೇರ ಬಂಡಳ್ಳಿಗೆ ಹೋದ. ಮಗುವನ್ನು ಎತ್ತಿಕೊಂಡು, ಮಾರನೆಯ ದಿನ ಮಿಲ್ಲಿಗೆ ಬಂದು ಎಲ್ಲರಿಗೂ ಸಕ್ಕರೆ ಹಂಚಿದ. ಮಗು ಯಾರ ಹಾಗಿದೆ ಎಂದು ಹಮಾಲರು ಕೇಳುತ್ತಾರೆ, ಅವನು ಹೇಳುತ್ತಾನೆ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಕೂಸು ಅವನ ಬೆರಳನ್ನು ಹಿಡಿದು ಬಿಡಲೇ ಇಲ್ಲವಂತೆ. ನನ್ನ ಮಗಳ ಸುದ್ದಿ ಊರಿಗೆಲ್ಲ ನಾನು ಹೇಳಬೇಕಾಗಿತ್ತು. ಅವನಿಂದ ಕೇಳಬೇಕಾಯಿತು. ಆಮೇಲೆ ಬಸ್ಸು ಹತ್ತಲು ಕಾಲೇ ಏಳಲಿಲ್ಲ.

ಅವನು ನಿನ್ನ ಒಡಹುಟ್ಟಿದವನು, ಅವನ ಮೇಲೆ ಚಾಡಿ ಬರೆಯುತ್ತಿದ್ದೇನೆ ಎನ್ನಬೇಡ. ಊರಿನಲ್ಲಿ ಸುಮ್ಮನೆ ತಿರುಗುತ್ತಾನೆ, ಜೊತೆಗೆ ಸೇರಿಸಿಕೊಳ್ಳಿ ಎಂದು ನೀನೇ ಹೇಳಿದ್ದೆ. ನಾನೇ ಧಣಿಗಳಾದ ದೊಡ್ಡಸಿದ್ದಯ್ಯನವರ ಕಾಲು ಹಿಡಿದು ಮಿಲ್ಲಿಗೆ ಸೇರಿಸಿದೆ. ಅರ ಹಿಡಿದು ಗರಗಸದ ಹಲ್ಲು ಉಜ್ಜುವುದನ್ನು ಕಲಿಸಿದೆ. ಒಂದು ಹಲ್ಲು ಎಡಕ್ಕೆ ಬಗ್ಗಬೇಕು, ಮುಂದಿನದು ಬಲಕ್ಕೆ, ಎರಡು ಪಕ್ಕವೂ ಸಮ ಇರಬೇಕು, ಇಲ್ಲದಿದ್ದರೆ ಕೊಯ್ತ ಸೊಟ್ಟ ಹೋಗುತ್ತದೆ ಎಂದು ಕೈ ಹಿಡಿದು ತೋರಿಸಿದೆ. ಈ ಮಿಲ್ಲು ಶುರುವಾದಾಗಿನಿಂದ ಗರಗಸ ಮೊಂಡಾಯಿತೆಂದರೆ ಧಣಿಗಳು ಕೂಗುತ್ತಿದ್ದುದು ನನ್ನ ಹೆಸರನ್ನು.

ಈಗ ಆ ಮಿಷನ್ನು ಬಂದಿದೆ. ನೀನು ಇಲ್ಲಿದ್ದಾಗಲೇ ಅದರ ಮಾತು ನಡೆದಿತ್ತಲ್ಲ. ನೋಡಿದರೆ ಅಂಥ ದೊಡ್ಡದೇನಲ್ಲ, ನಮ್ಮ ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಬಹುದು. ದುಂಡು ಗರಗಸವನ್ನು ಅದರ ಗೂಟಕ್ಕೆ ಸಿಕ್ಕಿಸಿ ಬಿಟ್ಟರೆ, ಮೊದಲು ಒಂದು ಉಕ್ಕಿನ ಕಡ್ಡಿ ಬಂದು ಹಲ್ಲನ್ನು ಮುಟ್ಟುತ್ತದೆ. ಗಡಿಯಾರದಂಥ ಬಿಲ್ಲೆಯೊಳಗೆ ಮುಳ್ಳು ಅಲುಗಿ, ಹಲ್ಲು ಎಷ್ಟು ಎತ್ತರ, ಎಷ್ಟು ಓರೆ ಎಂದು ತೋರಿಸುತ್ತದೆ. ಆಮೇಲೆ ಸಾಣೆಕಲ್ಲು ಇಳಿದು ಉಜ್ಜುತ್ತದೆ. ಕಡ್ಡಿ ಮತ್ತೆ ಬಂದು ಅಳೆಯುತ್ತದೆ. ಸಾಣೆ ಹಿಡಿಯುವುದೂ ಅದೇ, ಸರಿಯಾಯಿತೇ ಎಂದು ನೋಡುವುದೂ ಅದೇ. ನಾನು ಹೆಬ್ಬೆಟ್ಟಿನಲ್ಲಿ ಸವರಿ ತಿಳಿದುಕೊಳ್ಳುತ್ತಿದ್ದುದನ್ನು ಅದು ಮುಳ್ಳಿನಲ್ಲಿ ತೋರಿಸುತ್ತದೆ.

ಆ ಕೆಲಸ ಕಲಿಯಲು ಕೊಯಮತ್ತೂರಿಗೆ ಕಳಿಸುವುದಾದರೆ ನನ್ನನ್ನೇ ಎಂದು ಮಿಲ್ಲಿನಲ್ಲಿ ಎಲ್ಲರೂ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಹೊಸ ಚಪ್ಪಲಿಯನ್ನೂ ಕೊಂಡಿದ್ದೆ, ನಿನಗೆ ಹೇಳಿರಲಿಲ್ಲ. ಧಣಿಗಳು ಕೆಂಪನನ್ನು ಕರೆದು ಹೊರಡು ಎಂದರು. ನಾನು ಕೇಳಿದ್ದಕ್ಕೆ, "ಅವನ್ಗೆ ತಮಿಳು ಬತ್ತದೆ ಕಣಪ್ಪ, ನಿಂಗೆ ಬರಕ್ಕಿಲ್ವಲ್ಲ" ಎಂದು ನನ್ನ ಮುಖ ನೋಡದೆ ಹೇಳಿದರು. ಮಿಷನ್ನಿಗೆ ಯಾವ ಭಾಷೆ ಬರುತ್ತದೆಂದು ಕೇಳಬೇಕೆನಿಸಿತು.

ಈಗ ಅವನು ಖಾಕಿ ಅಂಗಿ ಹಾಕಿಕೊಂಡು ಅದರ ಮುಂದೆ ಸ್ಟೂಲಿನ ಮೇಲೆ ಕೂರುತ್ತಾನೆ. ಧಣಿಗಳ ನೆಂಟರು ಬಂದರೆ ಮೊದಲು ಅವನ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅವನಿಗೆ ಟೀ ಈಗ ಧಣಿಗಳ ಮನೆಯ ಲೋಟದಲ್ಲಿ ಬರುತ್ತದೆ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ನಿಜ. ಅವನು ಹಾಗೆ ಎದ್ದು ನಿಲ್ಲುವುದನ್ನು ಕಂಡರೇ ನನಗೆ ಹೊಟ್ಟೆ ಉರಿಯುತ್ತದೆ. ಕೂತೇ ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಬಾಣಂತಿಗೆ ಇದನ್ನೆಲ್ಲ ಬರೆಯಬಾರದು. ಮೈ ಕಾಯಿಸಿಕೋ, ತಣ್ಣೀರು ಮುಟ್ಟಬೇಡ. ಅತ್ತೆಯವರು ಕೊಡುವ ಖಾರ ತಿನ್ನು. ಮಗುವಿಗೆ ಹೆಸರು ಯಾವುದೆಂದು ಯೋಚಿಸಿ ಬರೆ. ನಿನ್ನ ತಮ್ಮನನ್ನು ಕೇಳಿ ಇಡಬೇಡ.

ಇಬ್ಬರಿಗೂ ಆಶೀರ್ವಾದಗಳು.
ನಿನ್ನವನು,
ಪುಟ್ಟಮಾದಪ್ಪ

ಕೊಳ್ಳೇಗಾಲ
೨೯-೪-೧೯೭೩

ಚಿ. ಸೌ. ಶಿವರತ್ನಳಿಗೆ,

ನೀನೂ ಮಗಳೂ ನೂರು ಕಾಲ ಬಾಳಿ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಯುಗಾದಿಗೂ ಬರಲಿಲ್ಲ. ಊರಿನ ಹೆಂಗಸರ ಮುಂದೆ ನಿನಗೆ ತಲೆ ತಗ್ಗಿಸುವ ಹಾಗಾಯಿತೆಂದು ಬರೆದಿದ್ದೀಯೆ. ತಪ್ಪಾಯಿತು. ಏನು ನಡೆಯಿತೆಂದು ಕೇಳಿದ ಮೇಲೆ ಬೇಕಾದಷ್ಟು ಬಯ್ಯಿ.

ಇಲ್ಲಿ ದೇವಾಂಗರ ಬೀದಿಯ ಗೋವಿಂದಯ್ಯ ನಿನಗೆ ಗೊತ್ತು, ನಿನ್ನ ಮದುವೆಯ ಸೀರೆ ನೇಯ್ದುಕೊಟ್ಟವರು. ಅವರ ಎರಡನೆಯ ಮಗನಿಗೆ ಬೇರೆ ಮಗ್ಗ ಹಾಕಿಸಬೇಕೆಂದು ತೇಗದ ದಿಮ್ಮಿಯೊಂದನ್ನು ಗಾಡಿಯಲ್ಲಿ ತಂದರು. ಅವರ ತಂದೆಯ ಕಾಲದ ದಿಮ್ಮಿ, ಹಿತ್ತಿಲಿನಲ್ಲಿ ಒಣಗಿ ಒಣಗಿ ಕಬ್ಬಿಣದಂತಾಗಿತ್ತು. ಮಗ್ಗದ ತೊಲೆ ಒಂದು ಎಳೆಯಷ್ಟೂ ಸೊಟ್ಟ ಇರಬಾರದು, ಇದ್ದರೆ ಬಟ್ಟೆಯೂ ಸೊಟ್ಟ ಬರುತ್ತದೆ. ಗೋವಿಂದಯ್ಯ ನನ್ನ ಹತ್ತಿರವೇ ಬಂದು, "ನಿಮ್ ಕೈನಲ್ಲಿ ಸಾಣೆ ಇಡ್ದಿರೋ ಗರಗಸದಲ್ಲೇ ಕೊಯ್ಸಿ ಪುಟ್ಟಮಾದಪ್ಪ, ನಂಗೆ ಮಿಷನ್ನು ಗಿಷನ್ನು ತಿಳೀದು" ಎಂದರು. ಕೆಂಪ ಅಲ್ಲೇ ಇದ್ದ. ಅವನ ಕಿವಿಗೆ ಬಿತ್ತಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ.

ಆ ದಿನವೆಲ್ಲ ಕೂತು ದೊಡ್ಡ ಗರಗಸಕ್ಕೆ ಅರ ಹಾಕಿದೆ. ಸಂಜೆ ಕೆಂಪ ಬಂದು, ಮಿಷನ್ನಿನ ಮೇಲಿಟ್ಟು ಉಜ್ಜುವುದು ಬೇಡ, ಬರೀ ಅಳೆದು ನೋಡೋಣವೇ ಬಾವ ಎಂದು ಮೆತ್ತಗೆ ಕೇಳಿದ. ನನ್ನ ಹಲ್ಲನ್ನು ಅಳೆಯುವಷ್ಟು ದೊಡ್ಡವನಾದೆಯಾ ಎಂದು ಎಲ್ಲರೆದುರಿಗೆ ಅಂದುಬಿಟ್ಟೆ. ಅವನು ತನ್ನ ಸ್ಟೂಲಿಗೆ ವಾಪಸು ಹೋದ.

ಮಾರನೆಯ ದಿನ ದಿಮ್ಮಿಯನ್ನು ಕೊಯ್ತಕ್ಕೆ ಹಾಕಿದರು. ಶುರುವಿನಲ್ಲಿ ಚೆನ್ನಾಗಿಯೇ ಹೋಯಿತು. ಅರ್ಧ ದಾಟಿದ ಮೇಲೆ ಸದ್ದು ಬದಲಾಯಿತು, ಮರ ಸುಟ್ಟ ವಾಸನೆ ಬಂತು. ಕೊಯ್ತ ನಿಲ್ಲಿಸಿ ತೊಲೆಯನ್ನು ಹೊರಳಿಸಿ ನೋಡಿದರೆ, ಗರಗಸ ಎಡಕ್ಕೆ ವಾಲಿಕೊಂಡು ಹೋಗಿ, ಒಂದು ತುದಿ ದಪ್ಪ, ಒಂದು ತುದಿ ಹಲಗೆಯ ಹಾಗೆ ತೆಳ್ಳಗಾಗಿತ್ತು. ಮಗ್ಗಕ್ಕಲ್ಲ, ಒಲೆಗೆ ಇಡುವಂತಿತ್ತು. ಗೋವಿಂದಯ್ಯ ಕೂಗಾಡಲಿಲ್ಲ. ತೊಲೆಯನ್ನು ಕೈಯಲ್ಲಿ ಸವರುತ್ತಾ ನಿಂತುಬಿಟ್ಟರು.

ಆಗ ಕೆಂಪ ಮುಂದೆ ಬಂದ. "ತೆಪ್ಪು ನಂದು ಕಣ್ರಿ. ಬ್ಲೇಡನ್ನ ಬಿಗಿ ಮಾಡ್ದೋನು ನಾನು. ಸರ್ಯಾಗಿ ಕೂರ್ಸಿರ್ನಿಲ್ಲ" ಎಂದು ಗೋವಿಂದಯ್ಯನವರಿಗೆ ಕೈಮುಗಿದ. ಬಿಗಿ ಮಾಡಿದವನು ಅವನೇ, ನಿಜ. ಸರಿಯಾಗಿಯೇ ಕೂರಿಸಿದ್ದ, ಅದನ್ನು ನಾನೇ ನೋಡಿದ್ದೆ. ಧಣಿಗಳು ಅವನಿಗೆ ಎರಡು ಮಾತು ಬಿರುಸಾಗಿ ಅಂದರು. ತಮ್ಮ ಅಂಗಳದಿಂದ ಒಳ್ಳೆಯ ದಿಮ್ಮಿಯೊಂದನ್ನು ಗೋವಿಂದಯ್ಯನವರ ಗಾಡಿಗೆ ಹಾಕಿಸಿದರು. ಅವರು ತೆಗೆದುಕೊಂಡು ಹೋದರು. ಹೋಗುವಾಗ, ಇದು ನಮ್ಮಪ್ಪ ಇಟ್ಟದ್ದಲ್ಲವಲ್ಲ ಎಂದರಂತೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಹೊಟ್ಟಿನ ಗುಡ್ಡೆಯ ಹತ್ತಿರ ಕೂತಿದ್ದೆ. ಕೆಂಪ ಬಂದು, "ಬಾವ, ಒಸಿ ಬನ್ನಿ" ಎಂದ. ನನ್ನ ಗರಗಸವನ್ನು ಬಿಚ್ಚಿ ಅಳೆಯುವ ಗೂಟಕ್ಕೆ ಹಾಕಿದ್ದ. ಕಲ್ಲನ್ನು ಮೇಲಕ್ಕೆ ಎತ್ತಿಟ್ಟಿದ್ದ, ಕಡ್ಡಿ ಮಾತ್ರ ಹಲ್ಲನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು. ಬಲಕ್ಕೆ ಬಗ್ಗಿದ ಹಲ್ಲು ಬಂದರೆ ಮುಳ್ಳು ಅಲುಗುವುದಿಲ್ಲ. ಎಡಕ್ಕೆ ಬಗ್ಗಿದ್ದು ಬಂದರೆ ಆಚೆಗೆ ಹಾರುತ್ತದೆ. ಸುತ್ತ ಪೂರ್ತಿ ಹಾಗೆಯೇ. ಎಡದ ಹಲ್ಲುಗಳೆಲ್ಲ ಹೆಚ್ಚು ಚಾಚಿಕೊಂಡಿದ್ದವು. ಗರಗಸ ಎಡಕ್ಕೆ ಎಳೆಯದೆ ಇನ್ನೇನು ಮಾಡುತ್ತದೆ? ಅವನು ಕಡ್ಡಿ ನಿಲ್ಲಿಸಿ, ಕಲ್ಲನ್ನು ಇಳಿಸಿ, ನಾನು ನೋಡುತ್ತಿದ್ದಂತೆಯೇ ಎಲ್ಲವನ್ನೂ ಸಮ ಮಾಡಿದ.

ಅವನು ಬೈದಿದ್ದರೆ, ನಕ್ಕಿದ್ದರೆ, ಹೋಗಲಿ ಬಿಡಿ ಬಾವ ಎಂದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಕೆಲಸವೂ ಅವನದೇ ಮೇಲಾಯಿತು, ಗುಣವೂ ಅವನದೇ ಮೇಲಾಯಿತು. ನನಗೆ ಏನು ಉಳಿಸಿದ ಹೇಳು.

ಸಂಜೆ ಧಣಿಗಳ ಹತ್ತಿರ ಹೋಗಿ, ತಪ್ಪು ಹುಡುಗನದಲ್ಲ, ನನ್ನದು ಎಂದು ಹೇಳಿದೆ. ಅವರು, "ನಂಗೊತ್ತು ಕಣಪ್ಪ. ಮೊದ್ಲು ಕಣ್ಣು ತೋರಿಸ್ಕಂಡು ಬಾ" ಎಂದರು. ಮೈಸೂರಿಗೆ ಹೋಗಿ ತೋರಿಸಿದೆ. ಡಾಕ್ಟರು ಗೋಡೆಯ ಹಲಗೆಯ ಅಕ್ಷರ ಓದಿಸಿ, ದೂರದ್ದೆಲ್ಲ ಚೆನ್ನಾಗಿದೆ, ಹತ್ತಿರದ್ದು ಮಂಕಾಗಿದೆ, ವಯಸ್ಸಿಗೆ ಬರುವಂಥದ್ದೇ ಎಂದು ಕನ್ನಡಕ ಬರೆದುಕೊಟ್ಟರು. ಈಗ ಅದನ್ನು ಹಾಕಿಕೊಂಡೇ ಬರೆಯುತ್ತಿದ್ದೇನೆ. ಅರ ಹಿಡಿದು ನೋಡಿದೆ, ಹಲ್ಲಿನ ತುದಿ ಸೂಜಿಯ ಹಾಗೆ ಕಾಣಿಸುತ್ತದೆ. ಆದರೆ ಈಗ ನನ್ನ ಅರಕ್ಕಾಗಿ ಕಾಯುವ ಗರಗಸ ಒಂದೂ ಇಲ್ಲ. ಎಲ್ಲವೂ ಮಿಷನ್ನಿಗೆ ಹೋಗುತ್ತವೆ.

ಧಣಿಗಳು ಯಳಂದೂರಿನಲ್ಲಿ ಮರದ ಅಂಗಳವೊಂದನ್ನು ತೆರೆಯುತ್ತಿದ್ದಾರೆ. ಬಿಳಿಗಿರಿ ಬೆಟ್ಟದ ಕಡೆಯ ಮರ ಅಲ್ಲಿ ಇಳಿಯುತ್ತದೆ. ಮರ ನೋಡಿ ಆರಿಸಲು ನನ್ನನ್ನು ಅಲ್ಲಿಗೆ ಹೋಗು ಎಂದರು, ಒಪ್ಪಿಕೊಂಡೆ. ಕೆಂಪ ಬಂದು, ಬೇಡ ಬಾವ, ನಾನೇ ನಿಮಗೆ ಈ ಮಿಷನ್ನು ಹೇಳಿಕೊಡುತ್ತೇನೆ, ಇಬ್ಬರೂ ಇಲ್ಲೇ ಇರೋಣ ಎಂದು ಕಣ್ಣಲ್ಲಿ ನೀರು ಹಾಕಿಕೊಂಡ. ಮನಸ್ಸಿನಿಂದಲೇ ಹೇಳಿದ, ಗೊತ್ತು. ನನ್ನಿಂದ ಅರ ಹಿಡಿಯುವುದನ್ನು ಕಲಿತವನ ಹತ್ತಿರ ನಾನು ಸ್ಟೂಲು ಎಳೆದುಕೊಂಡು ಕೂತು ಕಲಿಯಲಾರೆ. ಅವನ ಮುಖವನ್ನು ದಿನಾ ನೋಡಿಕೊಂಡು ಇಲ್ಲಿ ಇರಲಾರೆ. ಅವನಿಗೆ ಕೆಟ್ಟದಾಗಲಿ ಎಂದು ಒಂದು ದಿನವೂ ಬಯಸಿಲ್ಲ. ಅವನಿಗಾದ ಒಳ್ಳೆಯದು ನನಗೆ ಆಗಬೇಕಿತ್ತು ಎಂದು ದಿನಾ ಬಯಸುತ್ತೇನೆ.

ಯಳಂದೂರಿನಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮನೆ ನೋಡಿದ್ದೇನೆ. ಮುಂದೆ ಹೊಂಗೆ ಮರವಿದೆ, ಬಾವಿ ಹತ್ತಿರ. ಬರುವ ಭಾನುವಾರ ನಾನೇ ಬಂಡಳ್ಳಿಗೆ ಬರುತ್ತೇನೆ. ಮಗಳಿಗೆ ಗೌರಿ ಎಂದು ಇಡಬೇಕೆಂದು ಬರೆದಿದ್ದೀಯೆ, ಹಾಗೆಯೇ ಆಗಲಿ, ನನಗೆ ಒಪ್ಪಿಗೆ. ಅತ್ತೆ ಮಾವನವರಿಗೆ ನಮಸ್ಕಾರ ಹೇಳು. ನಿನಗೂ ಗೌರಿಗೂ ಮಾದಪ್ಪ ಒಳ್ಳೆಯದು ಮಾಡಲಿ.

ನಿನ್ನವನು,
ಪುಟ್ಟಮಾದಪ್ಪ

ವಿ. ಸೂ.— ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಬಂದರೆ ನಿನ್ನ ಮುಖ ನೋಡಲು ಆಗುವುದಿಲ್ಲ.

ಯಳಂದೂರಿಗೆ ಹೊರಡುತ್ತೇನೆಂದು ಹೇಳಿಬರಲು ನಿನ್ನೆ ಧಣಿಗಳ ಮನೆಗೆ ಹೋಗಿದ್ದೆ. ಅಮ್ಮಾವರು ಗುರುಬಸಮ್ಮನವರು ಮಗುವಿಗೆಂದು ಒಂದು ಲಂಗ ಕೊಟ್ಟು, ನನ್ನ ಕನ್ನಡಕ ನೋಡಿ ಹೇಳಿದರು: "ನಿನ್ ಎಂಡ್ರು ಬಲು ಒಳ್ಳೇವ್ಳು ಕಣಪ್ಪ. ಬಸುರೀಲಿ ತೌರಿಗೆ ಒಯ್ತಾ ಇಲ್ಲಿಗೆ ಬಂದು, ‘ನಮ್ಮೋರ್ಗೆ ಅತ್ರದ್ದು ಕಣ್ಣು ಕಾಣ್ತಿಲ್ಲ, ಮಿಷನ್ನಿಗೆ ನನ್ ತಮ್ಮುನ್ನ ಕಳ್ಸಿ, ನಮ್ಮೋರ್ಗೆ ಮಾತ್ರ ಗೊತ್ತಾಗ್ಬಾರ್ದು’ ಅಂತ ನನ್ ಕೈಲಿ ಮಾತು ತಕಂಡ್ಲು. ಈಗೇನು, ನಿಂಗೇ ಗೊತ್ತಾಯ್ತಲ್ಲ."

ತಮಿಳಿನ ಮಾತು ಬರೀ ನೆಪ. ನನಗೆ ಕೊಯಮತ್ತೂರು ತಪ್ಪಿಸಿದವಳು ನೀನು.

ನನ್ನ ಮಾನ ಕಾಯಲು ಹಾಗೆ ಮಾಡಿದೆ ಎನ್ನುತ್ತೀಯೆ. ಇರಬಹುದು. ನನಗೇ ಹೇಳಿದ್ದರೆ ಕೂಗಾಡುತ್ತಿದ್ದೆ, ಒಂದೆರಡು ದಿನ ಊಟ ಬಿಡುತ್ತಿದ್ದೆ, ಆಮೇಲೆ ಕನ್ನಡಕ ಹಾಕಿಕೊಂಡು ನಾನೇ ಕೊಯಮತ್ತೂರಿಗೆ ಹೋಗುತ್ತಿದ್ದೆ. ನನ್ನ ಕಣ್ಣು ಮಂಕಾದುದನ್ನು ಪಕ್ಕದಲ್ಲೇ ಮಲಗಿದ್ದು ನೀನು ಕಂಡೆ. ಅದನ್ನು ಹೇಳಲು ಇನ್ನೊಬ್ಬರ ಮನೆಗೆ ಹೋದೆ.

ಕೆಂಪನಿಗೂ ಇದು ಗೊತ್ತಿತ್ತೇ? ಅಕ್ಕ ತಮ್ಮ ಕೂತು ಮಾತಾಡಿಕೊಂಡಿರೇ? ಭಾನುವಾರಕ್ಕೆ ಮುಂಚೆ ಅದೊಂದನ್ನು ಬರೆ. ಅವನ ಮಿಷನ್ನನ್ನೂ, ಖಾಕಿ ಅಂಗಿಯನ್ನೂ ನಾನು ಸಹಿಸಿಕೊಂಡೇನು. ನೀನು ನನಗೆ ಹೇಳದ್ದನ್ನು ಅವನಿಗೆ ಹೇಳಿದ್ದರೆ, ಅದನ್ನು ಹೇಗೆ ಸಹಿಸಲಿ ಎಂದು ತಿಳಿಯುತ್ತಿಲ್ಲ.