ತೆಳ್ಳಗೆ ಕಲಸಿದ ಮಣ್ಣು

ಭಾನುವಾರ, ಮಾರ್ಚ್ ೯

ಪ್ರೀತಿಯ ಪಿಟೀಲು,

ಮಾನ್ಯ ಅಧ್ಯಕ್ಷರೇ, ಕೆನ್ನೆಗೆ ಮಣ್ಣು ಮೆತ್ತಿಕೊಂಡು ನಗಲಾರದೆ ಕುಳಿತಿರುವ ಮಹಿಳೆಯರೇ, ಅವರಿಗಾಗಿ ಹೊರಗೆ ಸ್ಕೂಟರಿನ ಮೇಲೆ ಕಾದು ಕಾದು ಆಕಳಿಸುತ್ತಿರುವ ಮಹನೀಯರೇ, ಇಂದಿನ ಉಪನ್ಯಾಸದ ವಿಷಯ ‘ಸೌಂದರ್ಯವರ್ಧಕಗಳಲ್ಲಿ ಸಿಲಿಕೇಟ್ ಖನಿಜಗಳು ಹಾಗೂ ಚರ್ಮದ ಮುನಿಸು’. ಉಪನ್ಯಾಸಕಿ ಬಿ.ಎಸ್ಸಿ. ಮುಗಿಸಿದ ಹೆಮ್ಮೆಯಲ್ಲಿ ಮುಖದ ಪುಡಿಗಳ ಕಾರ್ಖಾನೆಗೆ ಸೇರಿ, ಅಂದಿನಿಂದ ಇಂದಿನವರೆಗೂ ಜನರ ಬೆನ್ನು ನೋಡುತ್ತಾ ಬಂದಿದ್ದಾರೆ.

ನಗಬೇಡ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಭಾಷಣ.

ಸಭಿಕರೇ, ನಾವು ಮುಖಕ್ಕೆ ಹಚ್ಚುವುದರಲ್ಲಿ ಬಹುಪಾಲು ಕಲ್ಲು. ಪೌಡರು ನುಣುಪಾಗುವುದು ಟಾಲ್ಕ್ ಎಂಬ ಮೆದು ಕಲ್ಲಿನಿಂದ, ರೆಪ್ಪೆ ಮಿನುಗುವುದು ಅಭ್ರಕದಿಂದ, ಮುಖಕ್ಕೆ ಹಾಕುವ ಪ್ಯಾಕು ಜೇಡಿಮಣ್ಣಿನಿಂದ. ಎಲ್ಲವೂ ಸಿಲಿಕೇಟ್ ಕುಟುಂಬಕ್ಕೆ ಸೇರಿದವು. ಕುಟುಂಬ ಎಂದ ಮೇಲೆ ಎಲ್ಲರೂ ಒಂದೇ ಥರ ಇರುತ್ತಾರೆಯೇ? ಜೇಡಿಮಣ್ಣು ಒಣಗಿದ್ದಾಗ ಪರಮ ಸಾಧು, ನೀರು ಬಿದ್ದ ಮೇಲೆ ಅದರ ಗುಣ ತಿಳಿಯುತ್ತದೆ. ಕೆಲವು ಗಣಿಗಳ ಮಣ್ಣು ನೆನೆದರೆ ಬಟ್ಟೆ ಸೋಪಿನ ಹಾಗೆ ಕ್ಷಾರವಾಗುತ್ತದೆ, ಒಣಗುತ್ತಾ ಒಣಗುತ್ತಾ ಚರ್ಮವನ್ನು ಹಿಂಡುತ್ತದೆ.

ಆದ್ದರಿಂದ ಹೊಸ ಗಣಿಯ ಮಣ್ಣು ಬಂದಾಗಲೆಲ್ಲ ಪ್ಯಾಚ್ ಟೆಸ್ಟ್. ಒಪ್ಪಿ ಬಂದವರ ಬೆನ್ನಿನ ಮೇಲೆ ಕಲಸಿದ ಮಣ್ಣನ್ನು ಅಂಗಿಯ ಗುಂಡಿಯಷ್ಟಗಲ ಇಟ್ಟು, ಟೇಪು ಅಂಟಿಸಿ, ಎರಡು ದಿನ ಬಿಟ್ಟು ತೆಗೆಯುತ್ತೇವೆ. ಆಮೇಲೆ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ನಿಲ್ಲಿಸಿ ನಾನು ಅಂಕ ಕೊಡುತ್ತೇನೆ. ಏನೂ ಆಗದಿದ್ದರೆ ಸೊನ್ನೆ, ನಸುಗೆಂಪಾದರೆ ಒಂದು, ಊದಿಕೊಂಡರೆ ಇನ್ನೂ ಮೇಲೆ. ಸೊನ್ನೆ ಪಡೆದವರೇ ಪಾಸಾಗುವ ಪರೀಕ್ಷೆ ಬೇರೆಲ್ಲೂ ಇರಲಾರದು. ನಾವಿಬ್ಬರೂ ಗಣಿತದಲ್ಲಿ ಇಂಥದ್ದೊಂದಕ್ಕೆ ಹಂಬಲಿಸಿದವರು.

ಪ್ರತಿ ಸಲವೂ ಬರುವ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದಾರೆ. ಈ ಸಲ ಅಂಗಿ ಬಿಚ್ಚುತ್ತಾ ಕೇಳಿದರು: “ಅಲ್ಲಮ್ಮ, ಹೆಂಗಸರ ಮುಖಕ್ಕೆ ಹಚ್ಚೋದನ್ನ ಗಂಡಸಿನ ಬೆನ್ನಿಗೆ ಯಾಕ್ ಹಚ್ತೀರಿ?”

“ನಿಮ್ಮ ಬೆನ್ನು ಕನ್ನಡಿ ನೋಡ್ಕೊಳ್ಳಲ್ಲ, ಅದಕ್ಕೆ ಯಜಮಾನ್ರೇ,” ಎಂದೆ.

“ನನ್ ಹೆಂಡ್ತೀನೂ ನೋಡಲ್ಲ ಬಿಡಿ,” ಎಂದು ಅವರು ಬೆನ್ನು ತಿರುಗಿಸಿದರು.

ಫಲಿತಾಂಶ: ಡ್ರೈವರಿಗೆ ಸೊನ್ನೆ, ಉಳಿದವರಿಗೂ ಸೊನ್ನೆ. ಮಣ್ಣು ಪಾಸಾಯಿತು, ಪೊಟ್ಟಣ ಅಂಗಡಿಗೆ ಹೋಯಿತು. ಪೊಟ್ಟಣದ ಮೇಲಿರುವ ‘ಮುಖಕ್ಕೆ ಮಣ್ಣು, ನೋಡಲಿ ಕಣ್ಣು’ ಎಂಬ ಸಾಲು ಯಾರದೆಂದು ಗೊತ್ತಾಯಿತಲ್ಲ? ಮ್ಯಾನೇಜರಿಗೆ ನಾನೇ ಬರೆದುಕೊಟ್ಟದ್ದು. ನನ್ನ ಹತ್ತಾರು ಪ್ರಾಸಗಳಲ್ಲಿ ಅಚ್ಚಾದದ್ದು ಅದೊಂದೇ. ಮಣ್ಣಿಗೆ ಹುಣ್ಣು ಕೂಡ ಪ್ರಾಸವಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಇನ್ನು ನಿನ್ನ ವಿಷಯ. ನೀನು ಕೆಲಸ ಮಾಡುವ ಪಾರ್ಲರಿಗೆ ಬರುವ ಆ ಹೆಡ್‌ಮಿಸ್ಟ್ರೆಸ್‌ಗೆ ನೀನು ಇದೇ ಪ್ಯಾಕು ಹಾಕಿದೆ. ಮಾರನೆಯ ದಿನ ಅವರ ಕೆನ್ನೆ ಕೆಂಪಾಗಿ ಸಿಪ್ಪೆ ಏಳತೊಡಗಿತು. ಯಜಮಾನಿ ಎಲ್ಲರೆದುರು, “ತೊಳೀದೇ ಇರೋ ಬ್ರಷ್‌ನಲ್ಲಿ ಹಚ್ಚಿದೀಯ,” ಎಂದು ನಿನ್ನನ್ನು ಕುರ್ಚಿಯ ಹತ್ತಿರ ಬರಗೊಡದೆ ಕೂದಲು ಗುಡಿಸಲು ಹಾಕಿದರು. ಈ ತಿಂಗಳು ಕಳೆದರೆ ಬೇರೆ ಕಡೆ ನೋಡಿಕೋ ಅಂದರು. ಕೊಳಕು ಕೈಯವಳು ಎಂಬ ಮಾತು ಹಬ್ಬಿದರೆ ಯಾವ ಪಾರ್ಲರಿನವರೂ ನಿನ್ನನ್ನು ಒಳಗೆ ಸೇರಿಸುವುದಿಲ್ಲ. ನೀನು ಫೋನಿನಲ್ಲಿ ಅಳಲಿಲ್ಲ. ಚಿಕ್ಕವಳಿದ್ದಾಗ ಎಲ್ಲದಕ್ಕೂ ಪಿಟೀಲು ಕುಯ್ಯುತ್ತಿದ್ದ ನೀನು ಸಣ್ಣ ದನಿಯಲ್ಲಿ ಕೇಳಿದೆ: “ಅಕ್ಕಾ, ಅದನ್ನ ಟೆಸ್ಟ್ ಮಾಡಿದ್ದು ನೀನೇ ಅಲ್ವಾ? ಮಣ್ಣಲ್ಲಿ ಏನೂ ಇಲ್ಲ ಅಂದ್ರೆ ಇಲ್ಲ ಅಂದ್ಬಿಡು. ನನ್ ಕೈನೇ ಸರಿ ಇಲ್ಲ ಅಂತ ಒಪ್ಕೋತೀನಿ. ಈಗೀಗ ಮಗೂಗೆ ತಲೆ ಬಾಚೋಕೂ ಭಯ ಆಗುತ್ತೆ ಕಣೇ.”

ಉಪನ್ಯಾಸಕಿಯ ಅಭಿಪ್ರಾಯದಲ್ಲಿ ಇದಕ್ಕೆ ಕಾರಣಗಳು ಹಲವು. ಬಿಸಿಲಿರಬಹುದು. ಹಿಂದಿನ ದಿನ ಆಕೆ ಹಚ್ಚಿದ ಯಾವುದೋ ಕ್ರೀಮ್ ಇರಬಹುದು. ವಯಸ್ಸಾದ ಚರ್ಮವೂ…

ಸಾಕು. ಇಲ್ಲಿ ಸಭೆಯೂ ಇಲ್ಲ, ಅಧ್ಯಕ್ಷರೂ ಇಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಿನ್ನ ಅಕ್ಕ ಬರೆಯುತ್ತಿದ್ದಾಳೆ.

ಪಿಟೀಲು, ತಪ್ಪು ಮಣ್ಣಿನದು. ಅದು ನನಗೆ ಮೊದಲೇ ಗೊತ್ತಿತ್ತು.

ಬೇರೆಯವರ ಬೆನ್ನಿಗೆ ಹಾಕುವ ಮುಂಚೆ ನನ್ನ ಮುಂಗೈಗೆ ಒಂದಿಷ್ಟು ಹಚ್ಚಿಕೊಂಡು ನೋಡುವುದು ನನ್ನ ಅಭ್ಯಾಸ. ಈ ಮಣ್ಣನ್ನು ಪೊಟ್ಟಣದಲ್ಲಿ ಹೇಳಿದಂತೆ ಗಟ್ಟಿಯಾಗಿ ಕಲಸಿ ಹಚ್ಚಿಕೊಂಡೆ. ಮೊದಲು ಉರಿ, ಆಮೇಲೆ ಕೆಂಪು, ಆಮೇಲೆ ಸಿಪ್ಪೆ. ಸಿಬ್ಬಂದಿಯ ಚರ್ಮವನ್ನು ಪರೀಕ್ಷೆಯ ಲೆಕ್ಕಕ್ಕೆ ಹಿಡಿಯಬಾರದು ಎಂಬ ನಿಯಮ ನಮ್ಮಲ್ಲಿದೆ. ನಿಯಮವನ್ನು ಅಷ್ಟು ಭಕ್ತಿಯಿಂದ ನಾನು ಹಿಂದೆಂದೂ ಪಾಲಿಸಿರಲಿಲ್ಲ. ಉದ್ದ ತೋಳಿನ ರವಿಕೆ ಹಾಕಿಕೊಂಡು ಕೆಲಸಕ್ಕೆ ಹೋದೆ.

ಆದರೆ ಆ ಉರಿಯನ್ನು ಡ್ರೈವರ ಬೆನ್ನಿಗೆ ಹಾಕಲು ಮನಸ್ಸು ಬರಲಿಲ್ಲ. ಮಣ್ಣಿಗೆ ನೀರು ಬೆರೆಸಿದೆ. ಇನ್ನಷ್ಟು ಬೆರೆಸಿದೆ. ಗಂಜಿಯಷ್ಟು ತೆಳ್ಳಗಾದ ಮೇಲೆ ಎಲ್ಲರಿಗೂ ಹಚ್ಚಿದೆ. ಯಾರಿಗೂ ಏನೂ ಆಗಲಿಲ್ಲ. ಅವರಿಗೆ ನೋವಾಗದಂತೆ ನೋಡಿಕೊಂಡೆ ಎಂದು ಆವತ್ತು ಸಮಾಧಾನಪಟ್ಟುಕೊಂಡೆ. ಗಟ್ಟಿ ಮಣ್ಣು ಸರಿಯಿಲ್ಲ ಎಂದು ಬರೆದು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಆಗಲೇ ಅಚ್ಚಾಗಿದ್ದ ಪೊಟ್ಟಣಗಳು ಗುಜರಿಗೆ ಹೋಗುತ್ತಿದ್ದವು, ಅವುಗಳ ಜೊತೆ ನನ್ನ ಆ ಒಂದು ಸಾಲೂ. ಮ್ಯಾನೇಜರ್ ಬೈಯುತ್ತಾರೆಂದು ಹೆದರಿದೆ ಎಂದು ಬರೆದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು. ಅದಲ್ಲ. ಅಂಗಡಿಯ ಗಾಜಿನ ಹಿಂದೆ ನನ್ನ ಪ್ರಾಸ ಕಾಣಬೇಕಿತ್ತು, ಅಷ್ಟೇ. ಕಂಡಿತು. ಎರಡು ಸಲ ಬೇಕೆಂದೇ ಆ ಬೀದಿ ಬಳಸಿ ಮನೆಗೆ ಬಂದೆ.

ನೀನು ಪೊಟ್ಟಣದಲ್ಲಿದ್ದುದನ್ನು ಓದಿ ಗಟ್ಟಿಯಾಗಿ ಕಲಸಿದೆ, ದಪ್ಪವಾಗಿ ಹಚ್ಚಿದೆ, ಒಣಗುವವರೆಗೆ ಕಾದೆ. ಒಂದರಲ್ಲೂ ತಪ್ಪಲಿಲ್ಲ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ಮಗುವಿನ ತಲೆ ಬಾಚು.

ಇದನ್ನೆಲ್ಲ ಪ್ರಾಸವಿಲ್ಲದೆ ಇನ್ನೊಂದು ಹಾಳೆಯಲ್ಲಿ ಬರೆದು, ರುಜು ಹಾಕಿ ಇದರೊಳಗೆ ಇಟ್ಟಿದ್ದೇನೆ. ಯಜಮಾನಿಗೆ ತೋರಿಸು, ಆ ಹೆಡ್‌ಮಿಸ್ಟ್ರೆಸ್‌ಗೂ ತೋರಿಸು. ನನ್ನ ಕೆಲಸ ಹೋದೀತು ಎಂದು ಅಡಗಿಸಿಡಬೇಡ. ನಾಳೆ ಕಾರ್ಖಾನೆಯ ಬಾಗಿಲು ತೆರೆಯುವ ಹೊತ್ತಿಗೆ ಮ್ಯಾನೇಜರ ಮುಂದೆ ನಿಂತು ನಾನೇ ಹೇಳುತ್ತೇನೆ. ಮಾರಾಟ ಮೊದಲು ನಿಲ್ಲಲಿ, ಉಳಿದದ್ದು ಆಮೇಲೆ.

ಇತಿ,
ಮುಖ ತೋರಿಸಲು ಹಿಂಜರಿಯುತ್ತಿರುವ
ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗದೆ ಬಿಟ್ಟಿದ್ದೆ. ನಿನ್ನ ಯಜಮಾನಿ ನಿನ್ನನ್ನು ಬೈಯುವ ಮುಂಚೆ ಕಾರ್ಖಾನೆಗೆ ಫೋನ್ ಮಾಡಿದ್ದರು. ಫೋನ್ ಎತ್ತಿದವಳು ನಾನು. ಯಾವ ಪಾರ್ಲರು ಎಂದು ಕೇಳಿದೆ, ಹೇಳಿದರು. ಹಚ್ಚಿದವರು ಯಾರು ಎಂದು ಕೇಳಿದೆ, ನಿನ್ನ ಹೆಸರು ಹೇಳಿದರು. ಅದನ್ನು ಕೇಳಿದ ಮೇಲೆಯೇ ನಾನು ಹೇಳಿದ್ದು, “ನಮ್ಮ ಮಣ್ಣಲ್ಲಿ ಏನೂ ತೊಂದರೆ ಇಲ್ಲಮ್ಮ, ಬ್ರಷ್ ತೊಳೆದಿರಲ್ಲ ನೋಡಿ,” ಎಂದು.