ಕೇಳದೆ ಹಿಡಿದ ವೀಳ್ಯ

ಗುಳೇದಗುಡ್ಡ, ನೇಕಾರರ ಓಣಿ
ಕ್ರಿ.ಶ. 2197, ಬೇಗೆ ತಿಂಗಳ ಒಂಬತ್ತು

ನೂರೆಪ್ಪತ್ತು ವರ್ಷ ಹಿಂದೆ ಕೂತು, ಮಂದಿಯ ಮೈಮೇಲಿನ ಪ್ರಯೋಗಕ್ಕೆ ನಿಯಮ ಬರೆಯುತ್ತಿರುವ ದೊಡ್ಡವರಿಗೆ ಬಸಲಿಂಗವ್ವ ಬರೆಯುವುದು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಶಬ್ದ ಅಪರಿಚಿತವಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಾತು ಒರಟಾದರೆ ಹಾಗೇ ಇರಲಿ. ಬೇಗೆ ಎಂಬುದು ಮೇ, ಜೂನ್ ನಡುವೆ ತುರುಕಿದ ಹದಿಮೂರನೆಯ ತಿಂಗಳು. ಆಗ ಹಗಲು ಯಾರೂ ಹೊಸ್ತಿಲು ದಾಟುವುದಿಲ್ಲ. ನೆಲಮಾಳಿಗೆಯಲ್ಲಿ ಒದ್ದೆ ಗೋಣಿ ಇಳಿಬಿಟ್ಟು ಕುಪ್ಪಸದ ಖಣ ನೇಯುತ್ತೇವೆ.

ಹೋದ ಬೇಗೆಯಲ್ಲಿ ಕಡಲಾಚೆಯ ಸಂಶೋಧಕರು ತಂಪುಸೂಜಿ ತಂದರು. ಚುಚ್ಚಿಸಿಕೊಂಡರೆ ಮೈ ಬಿಸಿಲು ತಡೆಯುತ್ತದೋ ಇಲ್ಲವೋ ನೋಡುವ ಸೂಜಿ. ನೋಡುವವರು ಅವರು, ಮೈ ನಮ್ಮದು. ಅವರಲ್ಲೊಬ್ಬಳು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ನನ್ನ ಮುಂದೆ ಹಿಡಿದಳು. ಬಂದವರು ಕೊಟ್ಟದ್ದನ್ನು ಒಲ್ಲೆ ಎನ್ನುವುದು ಮುಖಕ್ಕೆ ಹೊಡೆದಂತೆ, ತೆಗೆದುಕೊಂಡೆ. ಓಣಿಗೆ ಹಿರಿಯಳು ನಾನು. ಅಷ್ಟಕ್ಕೇ ಓಣಿಯ ನಲವತ್ತೊಂದು ಮಂದಿಯೂ ಒಪ್ಪಿದರು ಎಂದು ಬರೆದುಕೊಂಡರು. ದೂರಮಂಡಳಿಯವರು, ಅಂದರೆ ಕಡಲಾಚೆ ಕೂತು ಇಂಥ ಪ್ರಯೋಗ ನ್ಯಾಯವೋ ಅಲ್ಲವೋ ಎಂದು ತೀರ್ಮಾನಿಸುವವರು, "ಸ್ಥಳದ ಪದ್ಧತಿಯಂತೆ ಹಿರಿಯರ ವೀಳ್ಯವೇ ಒಪ್ಪಿಗೆ" ಎಂದು ಮೊದಲೇ ಮುದ್ರೆ ಒತ್ತಿದ್ದರಂತೆ. ಮದುವೆ ಮಾತಿಗೆ ವೀಳ್ಯ ಹಿಡಿದರೆ ಒಪ್ಪಿಗೆ, ನಿಜ. ಅದಕ್ಕೂ ಮುಂಚೆ ನಾಲ್ಕು ದಿನ ಜಗಳಾಡಿರುತ್ತೇವೆ, ಅದು ಅವರ ಕಾಗದದಲ್ಲಿ ಇರಲಿಲ್ಲ. ಮನೆಮನೆಗೆ ಹೋಗಿ, ಅವ್ವಾರು ಒಪ್ಪ್ಯಾರ ಎಂದು ಹೇಳಿಸಿದರು. ನನ್ನ ಹೆಸರು ಕೇಳಿ ಎಲ್ಲರೂ ತೋಳು ಚಾಚಿದರು.

ಮೊಮ್ಮಗಳು ಕಲ್ಲವ್ವನಿಗೆ ಹತ್ತೊಂಬತ್ತು. ಮಗ್ಗದ ಸಪ್ಪಳದಲ್ಲೇ ಎಳೆ ಹರಿದದ್ದು ಅವಳಿಗೆ ತಿಳಿಯುತ್ತಿತ್ತು. ಸೂಜಿಯಾದ ಎಂಟನೆಯ ದಿನ ಎರಡೂ ಕಿವಿ ಹೋದವು. ದೂರು ಕೊಡಲು ಹೋದರೆ, ನಾನು ವೀಳ್ಯ ಹಿಡಿದ ಚಿತ್ರ ತೋರಿಸಿದರು.

ಮೊನ್ನೆ ಎರಡನೆಯ ಸೂಜಿಗೆ ಬಂದರು. ಹಳೆಯ ಒಪ್ಪಿಗೆಯೇ ಮೂರು ಸೂಜಿಗೂ ಸಾಕಂತೆ. ಬಾಗಿಲಿಗೆ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದೆ. ಹಿಂದಿನಿಂದ ಕಲ್ಲವ್ವ, ತನ್ನ ದನಿ ತನಗೇ ಕೇಳದೆ, ಓಣಿಗೆಲ್ಲ ಕೇಳುವಂತೆ ಒದರಿದಳು: "ಆಯಿ, ಅವರನ್ಯಾಕ ಬೈತಿ? ನನ್ನ ಕೇಳಲಾರದ ಎಲಿ ಹಿಡದಾಕಿ ನೀನ ಅಲ್ಲೇನು?"

ಆದರೂ ನಾನು ಬಾಗಿಲು ಬಿಡಲಿಲ್ಲ. ಅವರು ನಾಳೆ ಮತ್ತೆ ಬರುತ್ತಾರೆ.

ನಿಮಗೆ ಇನ್ನೂ ಕಾಲವಿದೆ. ಹಿರಿಯರು ಒಪ್ಪಿದರೆ ಸಾಕು ಎಂದು ನಿಮ್ಮಲ್ಲಿ ಯಾರಾದರೂ ಬರೆಯಹೊರಟರೆ ಅವರ ಕೈ ತಡೆಯಿರಿ. ನಮ್ಮ ಪದ್ಧತಿಗೆ ಗೌರವ ಎಂಬ ನೆಪ ಬೇಡ. ಯಾರ ಮೈಯೋ ಅವರ ಮುಂದೆ ಕೂತು, ಕಿವಿ ಹೋಗಬಹುದು ಎಂದು ಬಾಯಿಬಿಟ್ಟು ಹೇಳಿರಿ. ಅವರು ಬೇಡ ಎಂದರೆ ಎದ್ದು ಹೋಗಿರಿ. ಮುದುಕಿಯನ್ನು ಹುಡುಕಿಕೊಂಡು ಬರಬೇಡಿರಿ.